ಗೋದಾವರಮ್ಮನ ವಿಳಾಸ

ಕಳ್ಳಂಬೆಳ್ಳದ ಸ್ಕೂಲು ಮೇಷ್ಟ್ರು ಮೂಡಲಗಿರಿಯಪ್ಪನಿಗೆ ನಾಲ್ಕು ಹೆಸರುಗಳಿದ್ದವು. ಒಂದು ಅಪ್ಪ ತಿಪ್ಪಯ್ಯ ಇಟ್ಟದ್ದು. ಮಿಕ್ಕ ಮೂರು ತಾನೇ ಇಟ್ಟುಕೊಂಡವು. ಅಪ್ಪ ಇಟ್ಟ ಹೆಸರಿನಲ್ಲಿ ಅವನು ಹಾಜರಿ ಪುಸ್ತಕಕ್ಕೆ ರುಜು ಮಾಡುತ್ತಿದ್ದ. ಸ್ಕೂಲಿನ ಒಂದು ಮೂಲೆಯಲ್ಲೇ ಊರಿನ ಅಂಚೆ ಕಚೇರಿ. ಆ ಕೆಲಸವೂ ಅವನದೇ ಆದ್ದರಿಂದ ಟಪಾಲು ಚೀಲದ ಚೀಟಿಗೂ ಅದೇ ರುಜು. ಬರೆಯುವ ಹುಚ್ಚು ಹಿಡಿದು ಹನ್ನೆರಡು ವರ್ಷವಾಗಿದ್ದರೂ ಆ ಹೆಸರಿನಲ್ಲಿ ಅವನದೊಂದು ಸಾಲೂ ಅಚ್ಚಾಗಿರಲಿಲ್ಲ.

ಮೊದಲು ಆ ಹೆಸರಿನಲ್ಲೇ ಬರೆದಿದ್ದ. ಮಿಡಿಗೇಶಿ ಕೋಟೆಯ ಬುಡದಲ್ಲಿ ಹುಟ್ಟಿದವನು. ಮುತ್ತಾತ ಪಾಳೇಗಾರರ ಕಾಲದಲ್ಲಿ ಕೋಟೆ ಬಾಗಿಲು ಕಾಯುತ್ತಿದ್ದನಂತೆ; ಅಪ್ಪನ ಕಾಲಕ್ಕೆ ಉಳಿದದ್ದು ಎರಡು ಹೊಲ ಮತ್ತು ಆ ಮಾತು. ಮನೆತನದಲ್ಲಿ ಅಕ್ಷರ ಕಲಿತವರಲ್ಲಿ ಇವನೇ ಮೊದಲಿಗ. ಮೇಷ್ಟ್ರಾದ ಹೊಸತರಲ್ಲಿ, ಹಳ್ಳಿಯ ಚಾವಡಿಗಳಲ್ಲಿ ಜನ ಕೂತು ಪುರಾಣ ಕೇಳುವ ರೀತಿಯ ಮೇಲೆ ಒಂದು ಲೇಖನ ಬರೆದು ತುಮಕೂರಿನ 'ವಾಗ್ವಿಹಾರ' ಮಾಸಪತ್ರಿಕೆಗೆ ಕಳಿಸಿದ. ಹದಿನೈದು ದಿನಕ್ಕೆ ವಾಪಸು ಬಂತು. ಜೊತೆಗಿದ್ದ ಕಾರ್ಡಿನಲ್ಲಿ ಸಂಪಾದಕರು, 'ಸಾಹಿತ್ಯದ ವಿಚಾರವನ್ನು ಬಲ್ಲವರಿಗೆ ಬಿಡುವುದು ಲೇಸು. ತಾವು ರಾಗಿ ಬೆಳೆಯ ವಿಷಯವಾಗಿ ಏನಾದರೂ ಬರೆದರೆ ನೋಡಬಹುದು' ಎಂದಿದ್ದರು.

ಎರಡು ತಿಂಗಳು ಸುಮ್ಮನಿದ್ದು, ಅದೇ ಲೇಖನವನ್ನು ಒಂದಕ್ಷರ ತಿದ್ದದೆ ಬೇರೆ ಕಾಗದಕ್ಕೆ ಇಳಿಸಿ, ಕೆಳಗೆ 'ಎಂ. ಜಿ. ಶಾಸ್ತ್ರಿ' ಎಂದು ಬರೆದು ಕಳಿಸಿದ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಬಂತು.

ವರ್ಷ ಕಳೆದ ಮೇಲೆ ಸಂಪಾದಕ ಸಂಜೀವಯ್ಯನವರು, ಶಾಸ್ತ್ರಿಗಳು ಒಮ್ಮೆ ಪತ್ರಿಕೆಯ ಕಚೇರಿಗೆ ದಯಮಾಡಿಸಬೇಕು ಎಂದು ಕಾಗದ ಬರೆದರು. ಮೂಡಲಗಿರಿಯಪ್ಪ ಹೋದ. ಛಾಪಖಾನೆಯ ಬಾಗಿಲಲ್ಲಿ ರುಮಾಲು ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತವನನ್ನು ನೋಡಿ ಅವರು, "ಏನಪ್ಪ, ಶಾಸ್ತ್ರಿಗಳು ಕಳಿಸಿದರೋ?" ಎಂದರು.

"ಶಾಸ್ತ್ರಿ ಅಂದರೆ ನಾನೇ ಸ್ವಾಮಿ."

ಸಂಜೀವಯ್ಯನವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಕೆಟ್ಟವರಲ್ಲ ಅವರು. ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. ಹಳೆಯ ಕಾರ್ಡಿನ ನೆನಪು ಅವರಿಗಿರಲಿಲ್ಲ, ಇವನೂ ಎತ್ತಲಿಲ್ಲ. "ಕೈ ಚೆನ್ನಾಗಿದೆ. ಹೆಸರು ಮಾತ್ರ ಹೀಗೇ ಇರಲಿ. ಓದೋವರ ಮನಸ್ಸು ನಿಮಗೆ ಗೊತ್ತಲ್ಲ" ಎಂದರು. ಅವನಿಗೆ ಗೊತ್ತಿತ್ತು.

ಎರಡನೆಯ ಹೆಸರು ಹುಟ್ಟಿದ್ದು ಭಯದಿಂದ. ಸರ್ಕಾರಿ ನೌಕರರು ಅಪ್ಪಣೆಯಿಲ್ಲದೆ ಪತ್ರಿಕೆಗಳಿಗೆ ಬರೆಯಕೂಡದೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಆದರೆ ದೊಡ್ಡ ಅಧಿಕಾರಿಗಳು ಸರ್ಕೀಟು ಬಂದ ದಿನ ಹಳ್ಳಿಯ ಕೋಳಿಗಳು ಎಲ್ಲೆಲ್ಲಿ ಬಚ್ಚಿಟ್ಟುಕೊಳ್ಳುತ್ತವೆ ಎಂಬುದನ್ನು ಕಣ್ಣಾರೆ ಕಂಡವನಿಗೆ ಬರೆಯದೆ ಇರಲಾಗಲಿಲ್ಲ. ಶಾಸ್ತ್ರಿಯ ಗಂಭೀರ ಬಾಯಲ್ಲಿ ಆ ನಗೆ ಹೊರಡುತ್ತಿರಲಿಲ್ಲ. ಅದಕ್ಕೆ 'ಜಾಲಿಮುಳ್ಳು' ಎಂದು ರುಜು ಹಾಕಿದ. ಸಿರಾದಿಂದ ಪಾವಗಡದವರೆಗೆ ಜನ ಅದನ್ನು ಓದಿಸಿ ಕೇಳಿ ನಕ್ಕರು.

ಮೂರನೆಯದನ್ನು ಕೇಳಿದವರು ಸಂಜೀವಯ್ಯನವರೇ. "ಹೆಂಗಸರು ಬರೆಯೋದಿಲ್ಲ, ಬರೆದರೂ ಕಳಿಸೋದಿಲ್ಲ. ಒಂದು ಹೆಣ್ಣು ಹೆಸರಿಲ್ಲದೆ ಪತ್ರಿಕೆ ಬೋಳುಬೋಳಾಗಿ ಕಾಣುತ್ತೆ. ನೀವೇ ಏನಾದರೂ ಬರೆದುಕೊಡಿ ಮೇಷ್ಟ್ರೇ" ಎಂದರು. ಮೂಡಲಗಿರಿಯಪ್ಪ ನಕ್ಕುಬಿಟ್ಟ. ಆದರೆ ಊರಿಗೆ ಬಂದು, ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಸ್ಕೂಲಿನಲ್ಲಿ ಒಬ್ಬನೇ ಕೂತು 'ನಾನು ಹೆಣ್ಣು' ಎಂದು ಮೊದಲ ಸಾಲು ಬರೆದದ್ದೇ ತಡ, ಕೈ ನಿಲ್ಲಲಿಲ್ಲ. ಕತ್ತಲಾಗುವ ಹೊತ್ತಿಗೆ ಎಂಟು ಹಾಳೆ ತುಂಬಿದ್ದವು. ಓದಿ ನೋಡಿದರೆ, ಅದು ಅವನ ಅಕ್ಕ ಓಬಕ್ಕನ ಕಥೆ.

ಓಬಕ್ಕನನ್ನು ಪಾವಗಡದಾಚೆ ವಳ್ಳೂರಿಗೆ ಕೊಟ್ಟಿದ್ದರು. ಅತ್ತೆ ತೆಲುಗಿನಲ್ಲಿ ಬೈದರೆ ಅರ್ಥವಾಗದೆ ನಿಂತುಕೊಳ್ಳುತ್ತಿದ್ದಳಂತೆ. ಅರ್ಥವಾಗಲೆಂದು ಗಂಡ ಹೊಡೆಯುತ್ತಿದ್ದನಂತೆ. ಒಂದು ಸಲ ಎರಡು ಹಗಲು ನಡೆದು ಮಿಡಿಗೇಶಿಗೆ ಓಡಿಬಂದಳು. ಮೂರನೆಯ ದಿನ ಅಪ್ಪ, "ಮಾನ ಹೋಗ್ತದೆ, ಬುಟ್ಟುಬಾರ್ಲಾ" ಎಂದ. ಹದಿನೆಂಟು ವರ್ಷದ ಮೂಡಲಗಿರಿಯಪ್ಪ ಅಕ್ಕನನ್ನು ವಾಪಸು ಕರೆದುಕೊಂಡು ಹೋಗಿ ವಳ್ಳೂರಿನ ಆ ಮನೆಯ ಅಂಗಳದಲ್ಲಿ ಬಿಟ್ಟು ಬಂದ. ಆರು ತಿಂಗಳಿಗೆ ಸುದ್ದಿ ಬಂತು: ನೀರು ಸೇದಲು ಹೋದವಳು ಕಾಲು ಜಾರಿ ಬಾವಿಗೆ ಬಿದ್ದಳಂತೆ. ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಗಂಡಸಾಗಿ, ತಮ್ಮನಾಗಿ, ಮೂಡಲಗಿರಿಯಪ್ಪನಾಗಿ ಆಡಲಾರದ ಮಾತು ಹೆಣ್ಣಿನ ಹೆಸರು ಇಟ್ಟುಕೊಂಡ ಕೂಡಲೇ ಧಾರಾಳವಾಗಿ ಹರಿಯಿತು. ಆ ಹೆಸರು 'ಗೋದಾವರಿ'.

ಗೋದಾವರಿಗೆ ಬಂದಷ್ಟು ಕಾಗದ ಶಾಸ್ತ್ರಿಗೂ ಬರಲಿಲ್ಲ, ಜಾಲಿಮುಳ್ಳಿಗೂ ಬರಲಿಲ್ಲ. ಬರೆದವರೆಲ್ಲ ಹೆಂಗಸರು. ಸಂಜೀವಯ್ಯನವರು ಅವನ್ನೆಲ್ಲ ಒಂದು ಲಕೋಟೆಗೆ ಹಾಕಿ ಕಳಿಸುತ್ತಿದ್ದರು. ಅವುಗಳಲ್ಲೊಂದು ಕೊರಟಗೆರೆಯಿಂದ ಬಂದದ್ದು. ಪೆನ್ಸಿಲಿನಲ್ಲಿ ಬರೆದ ಗುಂಡಗಿನ ಅಕ್ಷರ, ಕೆಳಗೆ 'ರಾಜಲಕ್ಷ್ಮಮ್ಮ' ಎಂಬ ಹೆಸರು.

ಅವಳು ಒಬ್ಬ ಶಾನುಭೋಗರ ತಂಗಿ. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಗಂಡನ ಮುಖ ಎರಡು ಸಲ ನೋಡಿದ್ದಳು. ಈಗ ಇಪ್ಪತ್ತೆರಡು. ಅಣ್ಣನ ಮಕ್ಕಳ ಪಾಠ ಕೇಳಿಸಿಕೊಂಡೇ ಓದು ಕಲಿತವಳು. ತಾಯಿ ಇರುವವರೆಗೆ ಅಡ್ಡ ನಿಂತು ತಲೆಕೂದಲು ಉಳಿಸಿದ್ದಳು. ಈಗ ತಾಯಿ ಇಲ್ಲ, ವರ್ಷಾಬ್ದಿಕ ಮುಗಿದೊಡನೆ ಕೂದಲು ತೆಗೆಸಬೇಕೆಂದು ಅಣ್ಣ ಹೇಳುತ್ತಿದ್ದಾನೆ. ಇದನ್ನೆಲ್ಲ ಅವಳು ಎರಡು ವರ್ಷದಲ್ಲಿ, ಹನ್ನೆರಡು ಕಾಗದಗಳಲ್ಲಿ ತಿಳಿಸಿದಳು. ಅವಳು ವಿಳಾಸ ಕೇಳಿದಾಗ ಮೂಡಲಗಿರಿಯಪ್ಪ 'ಗೋದಾವರಿ, ಕಳ್ಳಂಬೆಳ್ಳ ಅಂಚೆ' ಎಂದು ಕೊಟ್ಟ. ಚೀಲ ಬಿಚ್ಚುವವನು ತಾನೇ. ಕಾಗದ ಬೇರೆಯವರ ಕೈಗೆ ಹೋಗುವ ಹೆದರಿಕೆ ಇರಲಿಲ್ಲ. ಅತ್ತ ಕೊರಟಗೆರೆಯಲ್ಲೂ ಹೆಂಗಸಿನ ಹೆಸರಿನ ಕಾಗದವೆಂದು ಅಣ್ಣ ಅಡ್ಡಿ ಮಾಡುತ್ತಿರಲಿಲ್ಲ.

ಗೋದಾವರಿಯ ಒಂದು ಕಥೆಯಲ್ಲಿ ರುಕ್ಮಿಣಿಯೆಂಬ ವಿಧವೆ ಹಿತ್ತಿಲ ಬಾಗಿಲಿನಿಂದ ಹೊರಟು, ಬೆಂಗಳೂರಿಗೆ ಹೋಗಿ, ವಿಧವೆಯರ ಶಾಲೆ ಸೇರಿ ಉಪಾಧ್ಯಾಯಿನಿಯಾಗುತ್ತಾಳೆ. 'ಅಕ್ಕಾ, ಅಂಥ ಶಾಲೆ ನಿಜವಾಗಿ ಇದೆಯೆ? ನನ್ನಂಥವಳನ್ನು ಸೇರಿಸಿಕೊಳ್ಳುತ್ತಾರೆಯೆ?' ಎಂದು ರಾಜಲಕ್ಷ್ಮಮ್ಮ ಕೇಳಿದಳು. ಇದೆ, ಸೇರಿಸಿಕೊಳ್ಳುತ್ತಾರೆ ಎಂದು ಬರೆದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈ ಮುಂದೆ ಓಡಿತು: 'ನೀನು ಹೊರಟು ಬಾ. ನನ್ನ ಮನೆಯ ಬಾಗಿಲು ನಿನಗೆ ಯಾವಾಗಲೂ ತೆರೆದಿರುತ್ತದೆ. ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಸೇರಿಸುತ್ತೇನೆ.' ಬರೆಯುವಾಗ ಅವನ ಕಣ್ಣು ಮಂಜಾಗಿತ್ತು. ಆ ಮಾತು ಹೇಳಬೇಕಾಗಿದ್ದದ್ದು ವಳ್ಳೂರಿನ ದಾರಿಯಲ್ಲಿ, ಬೇರೆ ಒಬ್ಬಳಿಗೆ. ಹಾಗೆಂದು ಆಗ ಅವನಿಗೆ ಹೊಳೆಯಲಿಲ್ಲ. ಲಕೋಟೆ ಅಂಟಿಸಿ ಚೀಲಕ್ಕೆ ಹಾಕಿದ.

ಅದು ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿ. ಆ ದಿನಗಳಲ್ಲೇ ಜಾಲಿಮುಳ್ಳಿನ ಮೇಲೆ ವಿಚಾರಣೆ ಶುರುವಾಯಿತು. ಬರೆಯುತ್ತಿರುವವನು ಸಿರಾ ತಾಲ್ಲೂಕಿನ ಒಬ್ಬ ಮೇಷ್ಟ್ರೆಂದು ಯಾರೋ ಅರ್ಜಿ ಹಾಕಿದ್ದರಂತೆ. ಒಂದು ಸೋಮವಾರ ಸ್ಕೂಲುಗಳ ರೇಂಜ್ ಇನ್ಸ್‌ಪೆಕ್ಟರು ಕಳ್ಳಂಬೆಳ್ಳಕ್ಕೆ ಬಂದು, ಎಲ್ಲ ಮೇಷ್ಟ್ರುಗಳಿಂದ ತೆಗೆದುಕೊಳ್ಳುತ್ತಿದ್ದ ಹೇಳಿಕೆಯನ್ನು ಇವನಿಂದಲೂ ಬರೆಸಿಕೊಂಡರು: 'ನಾನು ಯಾವ ಪತ್ರಿಕೆಗೂ, ಯಾವ ಹೆಸರಿನಲ್ಲಿಯೂ, ಏನನ್ನೂ ಬರೆದಿರುವುದಿಲ್ಲ.' ಕೆಳಗೆ ಅಪ್ಪ ಇಟ್ಟ ಹೆಸರು. "ಸುಳ್ಳು ಅಂತ ರುಜುವಾತಾದರೆ ಕೆಲಸ ಹೋಗೋದಷ್ಟೇ ಅಲ್ಲ ಮೇಷ್ಟ್ರೇ, ಮೊಕದ್ದಮೆ ಆಗುತ್ತೆ" ಎಂದು ಹೇಳಿ ಅವರು ಗಾಡಿ ಹತ್ತಿದರು.

ರಾಜಲಕ್ಷ್ಮಮ್ಮ ಬಂದದ್ದು ಆ ಗುರುವಾರ.

ಹನ್ನೊಂದು ಗಂಟೆಯಿರಬಹುದು. ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದವು. ಸಿರಾ ರಸ್ತೆಯಿಂದ ಟಪಾಲು ಹೊತ್ತು ತರುವ ಹುಚ್ಚಣ್ಣ ಬಾಗಿಲಲ್ಲಿ ನಿಂತು ಕೂಗಿದ.

"ಮೇಷ್ಟ್ರೇ, ಈ ಅಮ್ಮನೋರು ಯಾರೋ ಗೋದಾವರಮ್ಮ ಅನ್ನೋರ್ನ ಕೇಳ್ಕಂಡು ಮೋಟಾರಿಳಿದು ನಿಂತಿದ್ರು. ನಮ್ಮೂರಾಗೆ ಅಂಗಂತ ಯಾರವ್ರೆ? ನಿಮ್ಗೇ ಗೊತ್ತಿರ್ಬೇಕು ಅಂತ ಕರ್ಕಂಡ್ಬಂದ್ಬುಟ್ಟೆ."

ಅವನ ಹಿಂದೆ, ಬಿಳಿ ಸೀರೆಯ ಸೆರಗನ್ನು ತಲೆತುಂಬ ಹೊದ್ದು, ಬಟ್ಟೆಯ ಸಣ್ಣ ಗಂಟೊಂದನ್ನು ಎದೆಗೆ ಅವುಚಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಧೂಳಿನ ದಾರಿ ನಡೆದು ಮುಖ ಬಾಡಿತ್ತು. ಕಣ್ಣು ಮಾತ್ರ ಹಬ್ಬಕ್ಕೆ ಬಂದವಳ ಕಣ್ಣು. ಹೆಸರು ಕೇಳಬೇಕಾಗಿಯೇ ಇರಲಿಲ್ಲ.

ಮಕ್ಕಳನ್ನು ಆಟಕ್ಕೆ ಬಿಟ್ಟ. "ನಾನು ಹೇಳ್ತೀನಿ ಅವರಿಗೆ, ನೀನು ಹೋಗು" ಎಂದು ಹುಚ್ಚಣ್ಣನನ್ನು ಕಳಿಸಿದ. ಅವಳು ಮೆಟ್ಟಿಲ ಮೇಲೆ ಕೂತಳು.

"ಗೋದಾವರಮ್ಮನವರ ಮನೆ ಯಾವ ಬೀದೀಲಿದೆ ಮೇಷ್ಟ್ರೇ? ಅವರ ಕಾಗದಗಳೆಲ್ಲ ನಿಮ್ಮ ಕೈ ಮೇಲೇ ಹೋಗಿರಬೇಕು ಅಲ್ವೇ? ನಾನು ಕೊರಟಗೆರೆಯವಳು. ಸಿದ್ಧರಬೆಟ್ಟಕ್ಕೆ ಹೋಗೋ ಹೆಂಗಸರ ಜೊತೆ ಹೋಗ್ತೀನಿ ಅಂತ ಮನೇಲಿ ಹೇಳಿ ಬಂದಿದೀನಿ. ಅಕ್ಕನೇ ಬಾ ಅಂತ ಬರೆದಿದ್ರು."

ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಏನಾಗುತ್ತದೆ? ಎರಡು ವರ್ಷ ಅವಳು ಯಾರಿಗೂ ಹೇಳದ್ದನ್ನೆಲ್ಲ ಹೇಳಿಕೊಂಡದ್ದು ಒಬ್ಬ ಪರಗಂಡಸಿಗೆ ಎಂದು ಈ ಕ್ಷಣದಲ್ಲೇ ತಿಳಿಯುತ್ತದೆ. ಈ ಮುಖ ಏನಾದೀತು? ಅವಳ ಅಣ್ಣನಿಗೆ ತಿಳಿದರೆ? ಹೀಗೆಲ್ಲ ಅವನು ಅವಳಿಗಾಗಿ ಹೆದರಿದ. ಆದರೆ ಅದರ ಅಡಿಯಲ್ಲಿ ಬೇರೊಂದು ಹೆದರಿಕೆಯಿತ್ತು. ಗೋದಾವರಿ ಯಾರೆಂದು ತಿಳಿದರೆ ಜಾಲಿಮುಳ್ಳು ಯಾರೆಂದೂ ತಿಳಿಯುತ್ತದೆ. ಸೋಮವಾರದ ರುಜುವಿನ ಶಾಯಿ ಇನ್ನೂ ಹಸಿಯಾಗಿತ್ತು.

"ಅವರು ಇಲ್ಲ ತಾಯಿ" ಎಂದ.

"ಯಾವೂರಿಗೆ ಹೋಗಿದ್ದಾರೆ?"

"ತೀರಿಕೊಂಡರು."

ರಾಜಲಕ್ಷ್ಮಮ್ಮ ಅಳಲಿಲ್ಲ. ಕಿವಿ ಸರಿಯಾಗಿ ಕೇಳಿಸದವಳ ಹಾಗೆ ಅವನ ತುಟಿಯನ್ನೇ ನೋಡುತ್ತಿದ್ದಳು.

"ಹದಿನೈದು ದಿನ ಆಯ್ತು. ಜ್ವರ ಬಂದಿತ್ತು. ಕೆರೆಯಾಚೆ ಒಂದು ತೋಟದ ಮನೇಲಿ ಇದ್ದರು. ಊರೊಳಗಿನವರಿಗೆ ಅವರ ಬಳಕೆ ಕಡಿಮೆ." ಸುಳ್ಳು ಒಂದಾದ ಮೇಲೊಂದು, ಕಥೆಯ ಸಾಲು ಬರುವ ಹಾಗೆ, ತಡವರಿಸದೆ ಬಂತು. ಅದು ಅವನಿಗೇ ಅಸಹ್ಯವಾಯಿತು.

"ಕೊನೇಲಿ ಯಾರಿದ್ರು ಹತ್ತಿರ?"

"ಯಾರೂ ಇರಲಿಲ್ಲ" ಎಂದ. ಅದೊಂದು ಮಾತ್ರ ಸುಳ್ಳಾಗಿರಲಿಲ್ಲ.

ಆಗ ಅವಳು ಗಂಟನ್ನು ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ಕೂಲಿಗೆ ಅಂಟಿಕೊಂಡೇ ಮೇಷ್ಟ್ರ ಮನೆ; ಇಲ್ಲಿ ಆಡಿದ ಮಾತು ಒಳಗೆ ಕೇಳುತ್ತಿತ್ತು. ಅಳುವ ದನಿ ಕೇಳಿ ಹೆಂಡತಿ ನರಸಿಂಹಮ್ಮ ಹೊರಗೆ ಬಂದಳು. ಗಂಡನ ಬರವಣಿಗೆಯ ಸುದ್ದಿ ಅವಳಿಗೆ ಒಂದಿಷ್ಟೂ ಗೊತ್ತಿರಲಿಲ್ಲ. ಸಂಜೆಯೆಲ್ಲ ಸ್ಕೂಲಿನ ಕೆಲಸವೆಂದೇ ನಂಬಿದ್ದಳು. ಒಂದು ಚೊಂಬು ನೀರು ತಂದು, ಬ್ರಾಹ್ಮಣರ ಹೆಂಗಸು ಕುಡಿದಾಳೋ ಇಲ್ಲವೋ ಎಂದು ಅನುಮಾನಿಸುತ್ತ ನಿಂತಳು. ರಾಜಲಕ್ಷ್ಮಮ್ಮ ಚೊಂಬು ಇಸಕೊಂಡು ಗಟಗಟನೆ ಕುಡಿದಳು.

ಕುಡಿದು, ಮುಖ ಒರೆಸಿಕೊಂಡು ಕೇಳಿದಳು: "ಅಕ್ಕ ಇದ್ದಿದ್ರೆ ನನ್ನ ಬೆಂಗಳೂರಿಗೆ ಕರ್ಕೊಂಡು ಹೋಗಿ ಸ್ಕೂಲಿಗೆ ಸೇರಿಸ್ತಿದ್ರು. ನೀವು ಸೇರಿಸ್ತೀರಾ ಮೇಷ್ಟ್ರೇ? ನೀವು ಓದಿದೋರು. ದಾರಿ ತೋರಿಸಿದ್ರೂ ಸಾಕು."

ಇನ್ನೊಂದು ಬಾಗಿಲು ತೆರೆದಿತ್ತು. ಹೆಸರು ಹೇಳಬೇಕಾಗಿರಲಿಲ್ಲ, ಗುಟ್ಟು ಬಿಡಬೇಕಾಗಿರಲಿಲ್ಲ. ಕಳ್ಳಂಬೆಳ್ಳದ ಮೇಷ್ಟ್ರಾಗಿಯೇ, ಹೆಂಡತಿಯನ್ನು ಜೊತೆಗೆ ಹೊರಡಿಸಿಕೊಂಡು, ಮೋಟಾರು ಹತ್ತಿಸಬಹುದಾಗಿತ್ತು. ಆಮೇಲೆ ಅವಳ ಅಣ್ಣ ಪೊಲೀಸಿನವರನ್ನು ಕರೆದುಕೊಂಡು ಬರುವುದು, ಮೇಷ್ಟ್ರು ಹೆಂಗಸನ್ನು ಓಡಿಸಿಕೊಂಡು ಹೋದನೆಂದು ಕೂಗೆಬ್ಬಿಸುವುದು, ಇನ್ಸ್‌ಪೆಕ್ಟರು ಮತ್ತೆ ಗಾಡಿಯಿಂದ ಇಳಿಯುವುದು, ಎಲ್ಲ ಅವನ ಕಣ್ಣಿಗೆ ಕಟ್ಟಿತು.

"ನಾನು ಸರ್ಕಾರಿ ನೌಕರ, ತಾಯಿ. ಒಂದು ಗಂಟೆಗೆ ತುಮಕೂರಿನ ಮೋಟಾರಿದೆ. ಹತ್ತಿದರೆ ಸಂಜೆಯೊಳಗೆ ಕೊರಟಗೆರೆ. ಬೆಟ್ಟದಿಂದ ಬಂದೆ ಅಂದರೆ ಯಾರಿಗೂ ಗೊತ್ತಾಗೋದಿಲ್ಲ."

"ಅಯ್ಯೋ, ಇವತ್ತೊಂದಿನ ಇದ್ದೋಗ್ಲಿ ಬುಡಿ" ಎಂದಳು ನರಸಿಂಹಮ್ಮ. "ಹೆಂಗೆ ದಣಿದವ್ರೆ ನೋಡಿ. ಬೇಕಾರೆ ನಾನೂ ಜತೇಲಿ ಬತ್ತೀನಿ ಬೆಂಗ್ಳೂರ್ಗೆ, ಅದೇನ್ ಮಾ ದೂರ."

"ನಿನಗೆ ಗೊತ್ತಾಗೋದಿಲ್ಲ, ಸುಮ್ನಿರು" ಎಂದು ಗದರಿಸಿದ.

ರಸ್ತೆಯವರೆಗೆ ತಾನೇ ಬಿಟ್ಟುಬರಲು ಹೊರಟ. ಅವನು ನಾಲ್ಕು ಹೆಜ್ಜೆ ಮುಂದೆ, ಅವಳು ಹಿಂದೆ. ಕೆರೆ ಏರಿ ದಾಟಿದರು. ಆಮೇಲೆ ಅವಳು ಕೇಳಿದಳು:

"ಅಕ್ಕ ನೋಡೋಕೆ ಹೇಗಿದ್ರು ಮೇಷ್ಟ್ರೇ? ಅದನ್ನಾದ್ರೂ ಹೇಳಿ."

ಮೂಡಲಗಿರಿಯಪ್ಪ ನಿಂತ. ತಿರುಗಿ ನೋಡದೆ ಹೇಳಿದ: "ಎತ್ತರದ ಆಳು. ಕಪ್ಪು ಅಂದರೂ ಕಪ್ಪಲ್ಲ, ಎಣ್ಣೆಗೆಂಪು. ನಗು ಬಂದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳೋಳು, ಮುಂದಿನ ಹಲ್ಲು ಸ್ವಲ್ಪ ಉಬ್ಬು ಅಂತ. ದಿಬ್ಬ ಹತ್ತುವಾಗ ಯಾವಾಗಲೂ ಮುಂದೆ. ಹಿಂದೆ ಬರೋ ಚಿಕ್ಕವರಿಗೆ ಸೀತಾಫಲ ಕಿತ್ತು ಎಸೆಯೋಳು." ಹದಿನೇಳು ವರ್ಷವಾಗಿತ್ತು ಓಬಕ್ಕನ ಮಾತನ್ನು ಬಾಯಿಬಿಟ್ಟು ಆಡಿ. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

"ನಾನು ಮನಸ್ಸಲ್ಲಿ ಬೆಳ್ಳಗೆ, ಗಿಡ್ಡಕ್ಕೆ ಅಂದ್ಕೊಂಡಿದ್ದೆ" ಎಂದಳು ರಾಜಲಕ್ಷ್ಮಮ್ಮ. "ಇದೇ ಚೆನ್ನಾಗಿದೆ."

ಮೋಟಾರು ಬಂತು. ಅವಳು ಹತ್ತಿ, ಹಿಂದಿನ ಸೀಟಿನ ಮೂಲೆಯಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವನು ಮೋಟಾರಿನ ಧೂಳು ಅಡಗುವವರೆಗೂ ಅಲ್ಲೇ ನಿಂತಿದ್ದ.

ಮನೆಗೆ ಬಂದಾಗ ನರಸಿಂಹಮ್ಮ ಹೊಸಿಲ ಮೇಲೆ ಕೂತಿದ್ದಳು. "ಯಾರು ಸತ್ತಿದ್ದು? ಎಂಟು ವರ್ಷದಿಂದ ಈ ಊರಾಗಿವ್ನಿ. ಕೆರೆಯಾಚೆ ಯಾವ ತೋಟದ ಮನೆ ಅದೆ?" ಎಂದಳು.

ಅವನು ಎದುರಿಗೆ ಕುಕ್ಕರಿಸಿ ಎಲ್ಲವನ್ನೂ ಹೇಳಿದ. ಶಾಸ್ತ್ರಿ, ಜಾಲಿಮುಳ್ಳು, ಗೋದಾವರಿ, ಕೊನೆಗೆ ಓಬಕ್ಕ. ತಾನು ಈ ಮನೆಗೆ ಬರುವ ಮೊದಲೇ ಸತ್ತ ನಾದಿನಿಯ ಹೆಸರನ್ನು ನರಸಿಂಹಮ್ಮ ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ನಂಗೊಂದ್ಮಾತು ಹೇಳಿದ್ರೆ ಆಗ್ತಿತ್ತಲ್ಲ" ಎಂದಳು. "ನಾನೇ ಗೋದಾವರಮ್ಮ ಅಂತ ನಿಂತ್ಕಂತಿದ್ದೆ. ಓದು ಬರಾಕಿಲ್ಲ, ನಿಜ. ಒಂದ್ ರಾತ್ರಿ ಮಡ್ಲಲ್ಲಿ ಮಲಗಿಸ್ಕಳಾಕೆ ಓದು ಯಾಕ್ ಬೇಕು?" ಎದ್ದು ಒಳಗೆ ಹೋದಳು. ಆ ದಿನ ಒಲೆ ಹಚ್ಚಲಿಲ್ಲ.

ಮರುದಿನವೇ ಮೂಡಲಗಿರಿಯಪ್ಪ ಸಂಜೀವಯ್ಯನವರಿಗೆ ಬರೆದ: ಗೋದಾವರಿ ಇನ್ನು ಬರೆಯುವುದಿಲ್ಲ; ಆಕೆ ತೀರಿಕೊಂಡರೆಂದು ಎರಡು ಸಾಲು ದಯವಿಟ್ಟು ಹಾಕಬೇಕು. ಉತ್ತರ ಬೇಗ ಬಂತು. 'ಗೋದಾವರಿಯ ಕಥೆಗೆಂದೇ ಪತ್ರಿಕೆ ತರಿಸುವ ಮನೆಗಳು ಎಷ್ಟೋ ಇವೆ. ಆಕೆಯನ್ನು ಸಾಯಿಸಿ ಪತ್ರಿಕೆಯನ್ನು ಬದುಕಿಸುವುದು ಹೇಗೆ? ನಿಮಗೆ ಅನುಕೂಲವಿಲ್ಲದಿದ್ದರೆ ಚಿಂತೆಯಿಲ್ಲ, ಬೇರೆಯವರಿಂದ ಬರೆಸುತ್ತೇನೆ. ಹೆಸರು ಪತ್ರಿಕೆಯದಲ್ಲವೆ?'

ಮುಂದಿನ ಸಂಚಿಕೆಯಲ್ಲೇ ಗೋದಾವರಿಯ ಹೊಸ ಕಥೆ ಬಂತು. ಬರೆದವರು ಯಾರೋ. ತಲೆಬೋಳಿಸಿಕೊಂಡು, ಅಣ್ಣನ ಸಂಸಾರದ ಸೇವೆ ಮಾಡಿಕೊಂಡು, ಎಲ್ಲರಿಂದ ದೇವತೆಯೆನ್ನಿಸಿಕೊಂಡ ಒಬ್ಬ ವಿಧವೆಯ ಕಥೆ. ಮೂಡಲಗಿರಿಯಪ್ಪ ಅದನ್ನು ಟಪಾಲು ಚೀಲದ ಮುಂದೆ ನಿಂತೇ ಓದಿದ. ಆ ಹೆಸರನ್ನು ಅಳಿಸುವುದಕ್ಕೂ ಅವನಿಗೆ ಹಕ್ಕಿರಲಿಲ್ಲ. ಅದು ನನ್ನದು ಎಂದು ಯಾರ ಮುಂದೆ ಹೇಳುವುದು?

ಹತ್ತು ದಿನಕ್ಕೆ ಕೊರಟಗೆರೆಯ ಕಾಗದ ಬಂತು.

'ಅಕ್ಕಾ, ಈ ತಿಂಗಳ ಪತ್ರಿಕೆ ನೋಡಿದೆ. ನೀವು ಬದುಕಿದ್ದೀರಿ, ಸಂತೋಷ. ನಾನು ಬಂದ ದಿನ ನೀವು ಅಲ್ಲೇ ಎಲ್ಲೋ ಇದ್ದಿರಬೇಕು. ನನ್ನನ್ನು ನೋಡುವುದು ಬೇಡವೆನ್ನಿಸಿ ಹಾಗೆ ಹೇಳಿಸಿದಿರಿ. ಮೇಷ್ಟ್ರ ಮೇಲೆ ನನಗೆ ಕೋಪವಿಲ್ಲ; ನೀವು ಹೇಳಿಕೊಟ್ಟದ್ದನ್ನು ಹೇಳುವಾಗ ಪಾಪ ಅವರಿಗೇ ಅಳು ಬಂದಿತ್ತು. ನಿಮ್ಮ ಹೊಸ ಕಥೆ ನನಗೆ ಕೊಟ್ಟ ಉತ್ತರವೆಂದು ತಿಳಿದಿದ್ದೇನೆ. ಅದರಲ್ಲಿ ಬರೆದಂತೆ ಇರುತ್ತೇನೆ. ಬರುವ ಬುಧವಾರ ಕೂದಲು ತೆಗೆಸುತ್ತಾರೆ. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.'

ಬುಧವಾರಕ್ಕೆ ಐದು ದಿನವಿತ್ತು. ಉತ್ತರ ಬರೆಯಲು ಕೂತ. ಗೋದಾವರಿಯೆಂದು ರುಜು ಹಾಕಿ ಮತ್ತೆ ಬಾ ಎಂದರೆ ಅವಳು ನಂಬುವುದಿಲ್ಲ. ನಂಬಿದರೆ ಅದು ಇನ್ನೂ ದೊಡ್ಡ ಮೋಸ. ಮೂಡಲಗಿರಿಯಪ್ಪನೆಂದು ಹಾಕಿದರೆ, ಗಂಡಸಿನ ಹೆಸರಿನ ಕಾಗದ ಶಾನುಭೋಗರ ಮನೆಯ ಬಾಗಿಲಲ್ಲೇ ಒಡೆಯುತ್ತದೆ, ಓದುವವನು ಅವಳ ಅಣ್ಣ. ನಾಲ್ಕು ಸಲ ಬರೆದ, ನಾಲ್ಕು ಸಲ ಹರಿದ. "ಮೋಟಾರು ಹತ್ತಿ ಹೋಗಾನ ಬನ್ನಿ, ನಾನೇ ಒಳಾಕೋಗಿ ಕರ್ಕಂಬತ್ತೀನಿ" ಎಂದಳು ನರಸಿಂಹಮ್ಮ. ಶನಿವಾರ ಹೋಗೋಣವೆಂದ. ಶನಿವಾರ ಬೆಳಿಗ್ಗೆ, ಭಾನುವಾರ ಹೋಗೋಣವೆಂದ. ಬುಧವಾರವೂ ಬಂತು, ಹೋಯಿತು.

ಅದಾದ ಮೇಲೆ ಅವನು ಬರೆಯಲಿಲ್ಲ. ಶಾಸ್ತ್ರಿಗೆ ಹೇಳಲು ಏನೂ ಉಳಿದಿರಲಿಲ್ಲ, ಜಾಲಿಮುಳ್ಳಿಗೆ ನಗು ಬರಲಿಲ್ಲ. ಜಾಲಿಮುಳ್ಳು ಸುಮ್ಮನಾದದ್ದರಿಂದ ವಿಚಾರಣೆಯೂ ತಣ್ಣಗಾಯಿತು. ಕಡತ ಮುಚ್ಚಿದರೆಂದು ಇನ್ಸ್‌ಪೆಕ್ಟರೇ ಹೇಳಿ, ಮೇಷ್ಟ್ರ ನಡತೆ ಚೆನ್ನಾಗಿದೆಯೆಂದು ವರದಿಯಲ್ಲಿ ಬರೆದರು. ಗೋದಾವರಿ ಮಾತ್ರ ಯುದ್ಧ ಬಂದು ಕಾಗದ ಸಿಗದೆ 'ವಾಗ್ವಿಹಾರ' ನಿಲ್ಲುವವರೆಗೆ ತಿಂಗಳು ತಿಂಗಳೂ ಬುದ್ಧಿಮಾತಿನ ಕಥೆ ಬರೆಯುತ್ತಲೇ ಇದ್ದಳು.

ನಲವತ್ತನೆಯ ಇಸವಿಯಲ್ಲಿ ಅವನಿಗೆ ಕೊರಟಗೆರೆಗೆ ವರ್ಗವಾಯಿತು. ಬೇರೆ ಊರು ಕೊಡಿರೆಂದು ಬೇಡಿಕೊಂಡ; ಆಗಲಿಲ್ಲ. ಶಾನುಭೋಗರ ಬೀದಿಯನ್ನು ತಪ್ಪಿಸಿ ಸುತ್ತುಹಾಕಿ ಸ್ಕೂಲಿಗೆ ಹೋಗುತ್ತಿದ್ದ. ಆದರೆ ಮುಂದಿನ ವರ್ಷ ಖಾನೇಷುಮಾರಿ ಬಂತು. ಮನೆಮನೆಗೆ ಹೋಗಿ ಜನರನ್ನು ಎಣಿಸಿ ಬರೆದುಕೊಳ್ಳುವ ಕೆಲಸ ಮೇಷ್ಟ್ರುಗಳ ಮೇಲೆ ಬಿತ್ತು. ಇವನ ಪಾಲಿಗೆ ಬಂದದ್ದು ಅದೇ ಬೀದಿ.

ಶಾನುಭೋಗರು ಜಗಲಿಯ ಮೇಲೆ ಕೂತು ಮನೆಯವರ ಹೆಸರು, ವಯಸ್ಸು ಹೇಳಿ ಬರೆಸಿದರು. ನಡುವೆ ಯಾರೋ ಕರೆದರೆಂದು ಎದ್ದು ಬೀದಿಗೆ ಇಳಿದರು. ಅಷ್ಟರಲ್ಲಿ ಬಾವಿಯಿಂದ ನೀರು ಹೊತ್ತುಕೊಂಡು ಒಬ್ಬಳು ಅಂಗಳ ದಾಟಿ ಬಂದಳು. ಕೆಂಪು ಸೀರೆ, ಬೋಳು ತಲೆಯ ಮೇಲೆ ಬಿಗಿದ ಸೆರಗು. ಇಪ್ಪತ್ತಾರರ ಮುಖ ನಲವತ್ತರದ್ದಾಗಿತ್ತು. ಅವನನ್ನು ನೋಡಿ ನಿಂತಳು. ಕೊಡ ಇಳಿಸಲಿಲ್ಲ.

"ಕಳ್ಳಂಬೆಳ್ಳದ ಮೇಷ್ಟ್ರಲ್ವೇ?" ಎಂದಳು ಮೆಲ್ಲಗೆ. "ಗೋದಾವರಮ್ಮನವರು ಚೆನ್ನಾಗಿದಾರಾ?"

ಅವನಿಗೆ ಎಲ್ಲವನ್ನೂ ಹೇಳಿಬಿಡಬೇಕೆನ್ನಿಸಿತು. ಯಾರೂ ಹತ್ತಿರವಿರಲಿಲ್ಲ. ಬಾಯಿ ತೆರೆದ. ತಿಳಿದು ಅವಳೇನು ಮಾಡಬೇಕು? ತನ್ನನ್ನು ಅಕ್ಕ ಕೈಬಿಟ್ಟಳು ಎಂಬ ದುಃಖವಾದರೂ ಅವಳದಾಗಿ ಉಳಿದಿದೆ. ಅಂಥ ಅಕ್ಕ ಇರಲೇ ಇಲ್ಲ ಎಂದರೆ ಅದೂ ಇಲ್ಲ. ಹೀಗೆ ಅವನು ತನಗೆ ತಾನೇ ಹೇಳಿಕೊಂಡ. ಅದು ನ್ಯಾಯವೋ ಹೇಡಿತನವೋ ಅವನಿಗೆ ತಿಳಿಯಲಿಲ್ಲ.

"ಚೆನ್ನಾಗಿದಾರೆ" ಎಂದ.

ಅವಳು ತಲೆಯಾಡಿಸಿದಳು. ಶಾನುಭೋಗರು ಮೆಟ್ಟಿಲು ಹತ್ತಿ ಬಂದು ಜಗಲಿಯ ಮೇಲೆ ಮತ್ತೆ ಕೂತರು. "ಇವಳೇ ನಮ್ಮ ತಂಗಿ. ರಾಜಲಕ್ಷ್ಮಮ್ಮ, ವಿಧವೆ. ಬರ್ಕೊಂಡ್ರಾ?"

"ಬರ್ಕೊಂಡೆ" ಎಂದ ಮೂಡಲಗಿರಿಯಪ್ಪ. ಮುಂದಿನ ಪ್ರಶ್ನೆಯನ್ನು ಹಾಳೆಯಲ್ಲಿದ್ದಂತೆ, ತಲೆಯೆತ್ತದೆ ಓದಿದ: "ಓದು ಬರಹ ಬರುತ್ತದೆಯೇ?"

ಶಾನುಭೋಗರು ತಂಗಿಯ ಕಡೆ ನೋಡಿದರು.

"ಬರೋದಿಲ್ಲ" ಎಂದಳು ರಾಜಲಕ್ಷ್ಮಮ್ಮ. "ಬರೋದಿಲ್ಲ ಅಂತ ಬರ್ಕೊಳ್ಳಿ."

ಕೊಡ ಹೊತ್ತು ಒಳಗೆ ಹೋದಳು. ಮೂಡಲಗಿರಿಯಪ್ಪ ಅವಳು ಹೇಳಿದಂತೆ ಬರೆದುಕೊಂಡು, ಹಾಳೆ ಮಡಿಚಿ, ಪಕ್ಕದ ಮನೆಯ ಮೆಟ್ಟಿಲು ಹತ್ತಿದ.